ಅವ್ವ ಒತ್ತದ ಹೆಬ್ಬೆಟ್ಟು

ಹತ್ತನೇ ತರಗತಿಯಲ್ಲಿ ನಾನು ಇಂಗ್ಲಿಷಿನಲ್ಲಿ ಶುದ್ಧ ದಡ್ಡಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯಾಗಬೇಕಿದ್ದುದು ಹೊಸದುರ್ಗದ ನಮ್ಮ ಹೆಡ್‌ಮಾಸ್ತರರಿಗೆ. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಲೆಂದು ನನ್ನಂಥವರ ಮನೆಯವರನ್ನು ಕರೆಸಿ, 'ಈ ವರ್ಷ ನನ್ನ ಮಗಳು ಪರೀಕ್ಷೆಗೆ ಕೂರುವುದಿಲ್ಲ' ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಅವ್ವ ಕೊಬ್ಬರಿ ಶೆಡ್ಡಿನಿಂದ ನೇರವಾಗಿ ಬಂದಿದ್ದಳು, ಸೀರೆಗೆಲ್ಲ ಚಿಪ್ಪಿನ ಪುಡಿ. ಹೆಡ್‌ಮಾಸ್ತರರು ಸ್ಟಾಂಪ್ ಪ್ಯಾಡ್ ಮುಂದೆ ತಳ್ಳಿದರು.

"ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ. ಮುಂದಿನ ವರ್ಷ ಕಟ್ಟಿದ್ರಾತು."

"ಏನ್ ಬರ್ದೈತೆ ಓದ್ರಿ ಸಾರ್."

ಓದಿದರು. ಅವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. "ಒತ್ತಲ್ಲ. ನನ್ ಮಗಳು ಈ ವರ್ಷನೇ ಕುಂತ್ಕಂತಾಳೆ."

ದಾರಿಯಲ್ಲಿ ನನ್ನ ಕಡೆ ತಿರುಗಿದಳು. "ಏನ್ ಬರಲ್ಲ ನಿಂಗೆ?"

ಕ್ರಿಯಾಪದವನ್ನು ನಾಮಪದ ಮಾಡುವುದು ಎಂದೆ. 'ಮೂವ್'ಗೆ 'ಮೆಂಟ್' ಹಚ್ಚಬೇಕು, 'ಎಜುಕೇಟ್'ಗೆ 'ಷನ್', 'ಅರೈವ್'ಗೆ 'ಅಲ್'. ಯಾವುದಕ್ಕೆ ಯಾವ ಬಾಲ ಎಂಬುದೇ ನನ್ನ ತಲೆಗೆ ಹತ್ತುತ್ತಿರಲಿಲ್ಲ.

"ಅಷ್ಟೇನಾ? ಗುಡ್ಡೆ ಬೇರೆ ಮಾಡಾದು ತಾನೆ," ಎಂದಳು. ಶೆಡ್ಡಿನಲ್ಲಿ ದಿನವಿಡೀ ಅವಳು ಮಾಡುತ್ತಿದ್ದುದು ಅದೇ. ಒಣಗಿದ ಕಾಯಿ ಒಡೆದು, ಕೊಬ್ಬರಿ ಬಿಡಿಸಿ, ದಪ್ಪದ್ದು, ಸಣ್ಣದ್ದು, ಕೆಟ್ಟದ್ದು ಎಂದು ವಿಂಗಡಿಸುವುದು.

ಮರುದಿನ ಒಂದು ಚೀಲ ಚಿಪ್ಪು ತಂದಳು. ಒಂದೊಂದರ ಒಳಗೂ ಸೀಮೆಸುಣ್ಣದಲ್ಲಿ ಒಂದು ಕ್ರಿಯಾಪದ ಬರೆದೆ. ಪುಸ್ತಕ ನೋಡಿಕೊಂಡು, ಬಾಲಕ್ಕೊಂದರಂತೆ ಒಮ್ಮೆ ಗುಡ್ಡೆ ಮಾಡಿ ತೋರಿಸಿದೆ. ಅವಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ಸಂಜೆ ಒಲೆಯ ಮುಂದೆ ಕೂತು ಚಿಪ್ಪುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುವಳು. ತಪ್ಪು ಗುಡ್ಡೆಗೆ ಹಾಕಿದೆನೋ, "ಲೇ, ಅದು ಅಲ್ಲೀದಲ್ಲ" ಎಂದು ಗದರುವಳು. ಅಕ್ಷರ ಗೊತ್ತಿಲ್ಲದವಳು! ಬಾಯಿ ಸೀಳಿದ್ದು, ನಾರು ಉಳಿದದ್ದು, ಕಣ್ಣು ಓರೆಯಾದದ್ದು ಎಂದು ಚಿಪ್ಪಿನ ಮುಖ ನೋಡಿಯೇ ಅದರ ಗುಡ್ಡೆ ಹೇಳುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಗೇ ಕಲಿತೆ.

ಪರೀಕ್ಷೆಗೆ ಕೂತೆ, ಪಾಸಾದೆ. ಜಂಬ ಕೊಚ್ಚಿಕೊಳ್ಳುವಂಥ ಅಂಕವೇನಲ್ಲ. ಆದರೂ ಅಂಕಪಟ್ಟಿ ಇಸಿದುಕೊಳ್ಳಲು ಅವ್ವನನ್ನೇ ಕರೆದುಕೊಂಡು ಹೋದೆ.

ಈಗ ಹೊಳಲ್ಕೆರೆ ಕಡೆಯ ಹಳ್ಳಿಯೊಂದರಲ್ಲಿ ನಾನೇ ಇಂಗ್ಲಿಷ್ ಮೇಡಂ. ಮೊನ್ನೆ ಇಲ್ಲಿನ ಹೆಡ್‌ಮಾಸ್ತರರು ಅಂಥದೇ ಪತ್ರಗಳನ್ನು ನನ್ನ ಮೇಜಿನ ಮೇಲಿಟ್ಟು, "ತಾಯಂದಿರು ಬಂದವ್ರೆ, ಹೆಬ್ಬೆಟ್ಟು ಒತ್ತಿಸ್ಕಳ್ರಿ ಮೇಡಂ" ಎಂದರು. ಒತ್ತಿಸುವುದಿಲ್ಲ ಎಂದೆ. ಮೇಲಿನವರಿಗೆ ಬರೆಯುತ್ತೇನೆ ಎಂದು ಹೆದರಿಸಿದರು. ಬರೀರಿ ಎಂದೆ.

ಹೊರಗೆ ಹೋಗಿ, ಕಾಯುತ್ತಿದ್ದ ತಾಯಂದಿರಿಗೆ ಆ ಪತ್ರವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಹೇಳಿದೆ. ಓದಿ ಮುಗಿಯುವ ಮೊದಲೇ, ಮುಂದೆ ನಿಂತಿದ್ದವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.