ನಿದ್ದೆಯಲ್ಲಿ ಕೆಮ್ಮಿದವಳು

ದುಬೈಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಏಸಿಯ ಚಳಿ, ನಡುವೆ ಮರಳಿನ ಧೂಳು. ದಿನಕ್ಕೆ ಇಪ್ಪತ್ತು ಸಲ ಇವುಗಳ ನಡುವೆ ಓಡಾಡುವವನ ಗಂಟಲು ಗೊರಗೊರ ಎನ್ನದಿದ್ದರೆ ಅವನು ನಿನ್ನೆಯಷ್ಟೇ ಊರಿನಿಂದ ಬಂದವನೆಂದು ತಿಳಿಯಬೇಕು. ಬೇಕರಿಯೊಂದರ ವ್ಯಾನ್ ಓಡಿಸುವ ನಾನು ಕೆಮ್ಮನ್ನು ಕಾಯಿಲೆಯೆಂದು ಎಣಿಸಿದವನೇ ಅಲ್ಲ. ವ್ಯಾನಿಗೆ ಹಾರ್ನ್ ಇದ್ದ ಹಾಗೆ ನನಗೊಂದು ಕೆಮ್ಮು.

ಆದರೆ ಉಗಾಂಡದ ಗೊರಿಲ್ಲಾ ಕಾಡಿನಲ್ಲಿ ಕೆಮ್ಮೆಂದರೆ ದೊಡ್ಡ ಸಂಗತಿ. ನಮ್ಮ ನೆಗಡಿ ಆ ಪ್ರಾಣಿಗಳಿಗೆ ಅಂಟುತ್ತದೆ; ನಮಗೆ ಎರಡು ದಿನ ಮೂಗು ಸೋರಿಸಿ ಹೋಗುವುದು ಅವುಗಳ ಜೀವವನ್ನೇ ತೆಗೆಯಬಹುದು. ಆದ್ದರಿಂದ ಕೆಮ್ಮುವವರನ್ನು ಬೆಟ್ಟ ಹತ್ತಲು ಬಿಡುವುದಿಲ್ಲ.

ಅಲ್ಲಿಗೆ ಹೋಗುವ ಆಸೆ ಇದ್ದದ್ದು ನನಗಲ್ಲ, ಅಕ್ಕನಿಗೆ. ಅಕ್ಕ ದುಬೈಯಲ್ಲೇ, ಅಲ್ ಬರ್ಷಾದ ಕ್ಲಿನಿಕ್ಕೊಂದರಲ್ಲಿ ನರ್ಸ್. ಜೊತೆಗಿದ್ದ ಉಗಾಂಡದ ನರ್ಸ್ ಊಟದ ಹೊತ್ತಿನಲ್ಲಿ ತನ್ನೂರಿನ ಬೆಟ್ಟದ ಕತೆ ಹೇಳಿ ಹೇಳಿ ಅವಳಿಗೆ ಹುಚ್ಚು ಹಿಡಿಸಿದ್ದಳು. ಒಬ್ಬಳೇ ಹೋಗಲು ಅಂಜಿ ಅಕ್ಕ ನನ್ನನ್ನೂ ಕರೆದೊಯ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಗೊರಿಲ್ಲಾಕ್ಕೂ ಚಿಂಪಾಂಜಿಗೂ ಇರುವ ವ್ಯತ್ಯಾಸ ತಿಳಿಯದು. ಆದರೂ ಹೊರಡುವ ಮೊದಲೇ ದುಬೈಯ ಕರಾಮದ ಹೋಟೆಲುಗಳಲ್ಲೆಲ್ಲ ಬ್ರೆಡ್ಡಿನ ಜೊತೆ ಗೊರಿಲ್ಲಾ ನೋಡಲು ಹೋಗುವ ಸುದ್ದಿಯನ್ನೂ ಇಳಿಸಿ ಬಂದಿದ್ದೆ.

ಬೆಟ್ಟ ಹತ್ತುವ ಬೆಳಿಗ್ಗೆ ಕಾಡಿನ ಗೇಟಿನಲ್ಲಿ ಗೈಡ್ ನಮ್ಮ ಗುಂಪನ್ನು ನಿಲ್ಲಿಸಿ ಏನೋ ಕೇಳಿದ. ಅವನ ಇಂಗ್ಲಿಷನ್ನು ಅಕ್ಕ ನನಗೆ ಬಿಡಿಸಿ ಹೇಳಿದಳು.

"ನಮ್ಮ ರೂಮಿನಲ್ಲಿ ರಾತ್ರಿಯೆಲ್ಲ ಕೆಮ್ಮು ಕೇಳಿತಂತೆ. ಲಾಡ್ಜಿನವರು ಹೇಳಿದ್ದಂತೆ. ನೀನಾ ಮಾರಾಯ?"

ಕೆಮ್ಮಿದ್ದು ನಾನು. ಅಕ್ಕ ಕೊರಡಿನ ಹಾಗೆ ಮಲಗಿದ್ದಳು. ಗೊರಿಲ್ಲಾ ನೋಡುವ ಪರ್ಮಿಟ್ ಇದ್ದದ್ದು ಅದೊಂದೇ ದಿನಕ್ಕೆ. ಕರಾಮದ ಹೋಟೆಲುಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

"ನಾನಲ್ಲ ಅಕ್ಕ. ನೀನೇ ನಿದ್ದೆಯಲ್ಲಿ ಕೆಮ್ತಾ ಇದ್ದದ್ದು. ಗೊತ್ತಾಗ್ಲಿಲ್ವಾ ನಿಂಗೆ?"

ನಿದ್ದೆಯಲ್ಲಿ ತಾನು ಏನು ಮಾಡಿದೆನೆಂದು ಯಾರು ತಾನೇ ಬಲ್ಲರು? ಅಕ್ಕ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡಳು, ಕ್ಲಿನಿಕ್ಕಿಗೆ ಬಂದವರ ಗಂಟಲು ಮುಟ್ಟುವ ಹಾಗೆ. ಆಮೇಲೆ, ಕೆಮ್ಮಿದ್ದು ತಾನೇ ಎಂದು ಗೈಡಿಗೆ ಕೈ ಎತ್ತಿ ತೋರಿಸಿದಳು.

"ನೀನು ಹೋಗಿ ಚಂದ ಮಾಡಿ ನೋಡಿ ಬಾ. ಎಲ್ಲ ಹೇಳ್ಬೇಕು ನಂಗೆ."

ಮೂರು ಗಂಟೆ ಕೆಸರಿನಲ್ಲಿ ಜಾರುತ್ತ, ಬಳ್ಳಿ ಹಿಡಿದು ಹತ್ತಿದೆ. ಗೊರಿಲ್ಲಾಗಳು ಸೊಪ್ಪು ತಿನ್ನುತ್ತ ಕುಳಿತಿದ್ದವು. ಮರಿಯೊಂದು ಉರುಳಿಕೊಂಡು ಬಂದು, ಗೈಡ್ ನನ್ನನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ, ಎದುರಿಗೇ ಕುಳಿತು ನನ್ನನ್ನು ದಿಟ್ಟಿಸಿತು. ಆಗ ಕೆಮ್ಮು ಬಂತು. ತೋಳಿನಲ್ಲಿ ಮುಖ ಹುದುಗಿಸಿ ಎರಡು ಸಲ ಕೆಮ್ಮಿದೆ. ತಾಯಿ ಬಂದು ಮರಿಯನ್ನು ಎತ್ತಿಕೊಂಡು ಹೋಯಿತು. ಕೆಳಗಿಳಿದ ಮೇಲೆ ಅಕ್ಕನಿಗೆ ಕೆಮ್ಮಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ವರ್ಣಿಸಿದೆ.

"ಅಷ್ಟು ದೂರ ಹೋಗಿ ಗೇಟಿನಲ್ಲಿ ಕೂತು ಬಂದದ್ದಾ ನೀವು?" ಎಂದು ದುಬೈಯ ಗೆಳತಿಯರು ನಕ್ಕರೆ ಅಕ್ಕ ತಲೆ ತಗ್ಗಿಸುತ್ತಿರಲಿಲ್ಲ. "ನರ್ಸ್ ಆಗಿ ಕೆಮ್ಮು ತಗೊಂಡು ಹೋಗ್ಲಿಕ್ಕೆ ಆಗ್ತದಾ? ಆ ಮರಿಗಳಿಗೆ ಏನಾದ್ರೂ ಆದ್ರೆ?" ಎನ್ನುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲೊಂದು ಕಳೆ ಇರುತ್ತಿತ್ತು. ನಿಜ ಹೇಳಿದರೆ ಆ ಕಳೆಯೂ ಹೋಗುತ್ತದೆಂದು ಎರಡು ವರ್ಷ ಸುಮ್ಮನಿದ್ದೆ. ಹೇಡಿಯಾದವನಿಗೆ ಇಂಥ ಕರುಣೆಯ ನೆಪಗಳು ಬೇಗ ಸಿಗುತ್ತವೆ.

ಕಳೆದ ಶುಕ್ರವಾರ ಡಿಸ್ಕವರಿ ಗಾರ್ಡನ್ಸ್‌ನ ಅವಳ ಫ್ಲ್ಯಾಟಿನಲ್ಲಿ, ಅವಳು ನನಗಾಗಿ ಬಂಗುಡೆ ಮೀನು ಹುರಿಯುತ್ತಿದ್ದಾಗ, ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ. ಅಕ್ಕ ಗ್ಯಾಸ್ ಆರಿಸಿದಳು.

"ಮೇಲೆ ಹೋಗಿಯೂ ಕೆಮ್ಮಿದ್ಯಾ?"

"ಎರಡು ಸಲ."

"ಮರಿ ಎಷ್ಟು ದೂರ ಇತ್ತು?"

ನಾನು ಅಡುಗೆಮನೆಯ ಬಾಗಿಲು ತೋರಿಸಿದೆ. ನಾನು ಕುಳಿತಲ್ಲಿಂದ ನಾಲ್ಕು ಹೆಜ್ಜೆ. ಅಕ್ಕ ಆ ಬಾಗಿಲನ್ನೂ ನನ್ನನ್ನೂ ನೋಡಿದಳು.

"ಅಷ್ಟು ಹತ್ರವಾ?"

ಕೇಳಿದ್ದು ನರ್ಸೋ, ಗೇಟಿನಲ್ಲಿ ಕುಳಿತವಳೋ, ನನಗೆ ತಿಳಿಯಲಿಲ್ಲ. ಬಾಣಲೆಗೆ ಮುಚ್ಚಳ ಮುಚ್ಚಿ, "ಇವತ್ತು ನೀನು ಹೋಗು," ಎಂದಳು. ಈ ಊರಿಗೆ ಬಂದಂದಿನಿಂದ ಅವಳು ನನ್ನನ್ನು ಉಣ್ಣಿಸದೆ ಕಳಿಸಿದ್ದು ಅದೇ ಮೊದಲು.