ನಾಲ್ಕು ಲಕ್ಷದ ಮೂವತ್ತೇಳು ಸಾವಿರದ ನಾನೂರ ಮೂವತ್ತೇಳು

ನಮ್ಮಕ್ಕ ಸಂಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಕಣ್ಣಿಗೆ ಬಿದ್ದ ದೊಡ್ಡ ಸಂಖ್ಯೆಯನ್ನು ಸುಮ್ಮನೆ ಬಿಟ್ಟವಳೇ ಅಲ್ಲ. ಹೆಬ್ಬಾಳದ ಹತ್ರ ಬಸ್ಸು ನಿಂತರೆ ಸಾಕು, ಎದುರಿನ ಲಾರಿ ನಂಬರನ್ನು ಒಡೆಯೋಕೆ ಶುರು: ಮೂರರಿಂದ ಭಾಗ ಹೋಗತ್ತೆ, ಹನ್ನೊಂದರಿಂದ ಹೋಗಲ್ಲ. ಯಾವುದರಿಂದಲೂ ಹೋಗದ ಸಂಖ್ಯೆ ಸಿಕ್ಕಿದರಂತೂ ಹಬ್ಬ. ನನಗೋ ಲೆಕ್ಕ ಅಂದ್ರೆ ತಲೆನೋವು. ಬ್ಲೌಸ್ ಹೊಲಿಯೋಳಿಗೆ ಇಂಚುಟೇಪು ಸಾಕಲ್ವಾ? "ಸಾಕು ಸುಮ್ನಿರಕ್ಕ, ತಲೆ ತಿನ್ಬೇಡ" ಅಂತ ಎಷ್ಟು ಸಲ ಗದರಿದ್ದೆನೋ.

ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯ್ತು. ಬಲಗಡೆ ಸ್ವಾಧೀನ ತಪ್ಪಿತು, ಬಾಯಿ ಸೊಟ್ಟಗಾಯ್ತು. ಆಸ್ಪತ್ರೆಯಲ್ಲಿ ಐದು ದಿನ ತುಟಿ ಬಿಚ್ಚಲಿಲ್ಲ. "ಅವರಿಗೆ ಅರ್ಥ ಆಗ್ತಿದ್ಯೋ ಇಲ್ವೋ, ಅದು ನಮಗೆ ತಿಳೀಬೇಕಮ್ಮ. ಅವರಿಗಿಷ್ಟವಾದದ್ದು ಏನಾದ್ರೂ ಕೇಳ್ತಾ ಇರಿ" ಅಂದರು ಡಾಕ್ಟರು. ಅವಳ ಕೈಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯಲ್ಲಿ ನಂಬರಿತ್ತು: 437437. ಅದನ್ನೇ ಓದಿ, "ಅಕ್ಕಾ, ಇದು ಯಾವುದರಿಂದ ಭಾಗ ಹೋಗತ್ತೆ?" ಅಂದೆ. ಸೂರು ನೋಡ್ತಾ ಮಲಗಿದ್ದಳು. ಮತ್ತೆ ಕೇಳಿದೆ. ಊಹೂಂ.

ಎಷ್ಟೋ ಹೊತ್ತಾದ ಮೇಲೆ ಆಯಾ ಹಾಸಿಗೆ ಬಟ್ಟೆ ಬದಲಾಯಿಸೋಕೆ ಬಂದಳು. ನಾನು ಮಂಚದ ತುದಿಯಲ್ಲಿ ಕೂತಿದ್ದೆ. ಆಗ ಅಕ್ಕ ತೊದಲುತ್ತಾ "ಏಳು" ಅಂದಳು. ಎದ್ದೆ. ನನ್ನ ಮುಖವನ್ನೇ ನೋಡುತ್ತಾ ಮತ್ತೆ, "ಏಳು, ಏಳು." ಎದ್ದು ನಿಂತಿದ್ದೀನಲ್ಲ, ಇನ್ನೆಷ್ಟು ಏಳಲಿ? ಐದು ದಿನ ನಿದ್ದೆಗೆಟ್ಟು ಕಾದವಳಿಗೆ ಇದಾ ಮರ್ಯಾದೆ ಅಂತ ಸಿಟ್ಟು ನೆತ್ತಿಗೇರಿತು. ಅವಳ ಕಣ್ಣಲ್ಲಿ ನೀರಿತ್ತು. ಆದರೂ "ಆಯ್ತು, ಹೋಗ್ತೀನಿ ಬಿಡು" ಅಂತ ಹೊರಗೆ ಬಂದುಬಿಟ್ಟೆ. ವರಾಂಡದಲ್ಲಿ ಸಿಕ್ಕ ಡಾಕ್ಟರಿಗೆ, "ಏನೂ ಅರ್ಥ ಆಗ್ತಿಲ್ಲ ಸಾರ್. ನಿಂತಿದ್ರೂ ಏಳು ಏಳು ಅಂತಾಳೆ" ಅಂದೆ. ಅವರು ಬರೆದುಕೊಂಡರು.

ಗೇಟಿನ ಸೆಕ್ಯೂರಿಟಿ, "ಇನ್ನು ಸಾಯಂಕಾಲ ಏಳಕ್ಕೇ ಒಳಗ್ಬಿಡೋದು ಕಣಮ್ಮ" ಅಂದ. ಏಳಕ್ಕೆ! ಫೋನು ತೆಗೆದು 437437ನ್ನು ಏಳರಿಂದ ಭಾಗಿಸಿದೆ. 62491. ಶೇಷ ಇಲ್ಲ. ಅಯ್ಯೋ, ಅವಳು ಲೆಕ್ಕಕ್ಕೆ ಉತ್ತರ ಕೊಟ್ಟಿದ್ದಳು, ನಾನು ಎದ್ದು ಬಂದಿದ್ದೆ. ಅಂಗಲಾಚಿದೆ, ಅವನು ಒಳಗೆ ಬಿಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಹನ್ನೊಂದರಿಂದ, ಹದಿಮೂರರಿಂದ ನೋಡಿದೆ. ಹೋಯಿತು. ಅದೇ ಮೂರಂಕಿ ಎರಡು ಸಲ ಬಂದರೆ ಏಳು, ಹನ್ನೊಂದು, ಹದಿಮೂರು, ಮೂರೂ ಸಂಖ್ಯೆಗಳಿಂದ ಭಾಗ ಹೋಗಲೇಬೇಕು ಅಂತ ಅವಳು ಬಸ್ಸಿನಲ್ಲಿ ಬಡ್ಕೊಂಡಿದ್ದು ಆಗ ನೆನಪಾಯ್ತು. ಮಿಕ್ಕಿದ್ದನ್ನೂ ಕೇಳ್ತೀನಿ, ಕಾಲು ಹಿಡ್ಕೊಂಡು ತಪ್ಪಾಯ್ತು ಅಂತೀನಿ ಅಂದುಕೊಂಡು ಕಾದೆ. ಒಳಗೆ ಹೋದರೆ ಮಂಚ ಖಾಲಿ. ಮತ್ತೊಂದು ಸ್ಟ್ರೋಕ್ ಆಗಿ ಐಸಿಯುಗೆ ಒಯ್ದಿದ್ದರು. ಅಲ್ಲಿಂದ ಅವಳು ಕಣ್ಣು ಬಿಡಲೇ ಇಲ್ಲ.

ತಿಥಿಯ ದಿನ ಯಲಹಂಕದ ಚಿಕ್ಕಮ್ಮ ನನ್ನ ಬೆನ್ನು ಸವರಿ, "ಅಳ್ಬೇಡ ಕಣೇ. ಪುಣ್ಯಾತ್ಗಿತ್ತಿ, ಕೊನೇಲಿ ಅವಳಿಗೆ ಏನೂ ಗೊತ್ತಾಗ್ತಿರ್ಲಿಲ್ವಂತೆ. ಡಾಕ್ಟರೇ ಹೇಳಿದ್ರಂತಲ್ಲ" ಅಂದಳು.

"ಹೂಂ ಚಿಕ್ಕಮ್ಮ" ಅಂದೆ. ಡಾಕ್ಟರಿಗೆ ಹಾಗೆ ಹೇಳಿದವಳು ನಾನು ಅನ್ನೋಕೆ ಬಾಯಿ ಬರಲಿಲ್ಲ.