ರೂತಳ ಅತ್ತೆಯ ಪಾರ್ಟು

ಚಿನ್ನದ ಗಣಿಯ ಊರಾದ ನಮ್ಮ ಊರಿಗಾಂನ ಚರ್ಚಿನಲ್ಲಿ ವರ್ಷಕ್ಕೊಂದು ಭಾನುವಾರ ಹೆಂಗಸರದ್ದು. ಅವತ್ತು ಪ್ರಸಂಗ, ಪ್ರಾರ್ಥನೆ, ಕಾಣಿಕೆ ಎತ್ತುವುದು ಎಲ್ಲ ನಾವೇ. ಗಂಡಸರು ಹಿಂದಿನ ಅಂಗಳದಲ್ಲಿ ಬಿರಿಯಾನಿ ಮಾಡಿ ತಳ ಹತ್ತಿಸುತ್ತಾರೆ. ತಮಿಳಿನವರ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡದ್ದು ಶುರುವಾಗುವುದರಿಂದ ಊಟದ ಹೊತ್ತಿಗೆ ಎಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿರುತ್ತದೆ. ಸೀದದ್ದನ್ನೂ ದೇವರಿಗೆ ಸ್ತೋತ್ರ ಹೇಳಿ ತಿನ್ನುತ್ತೇವೆ.

ಬೈಬಲಿನ ಹೆಂಗಸರ ಹಾಗೆ ಬಾಳಿ ಎಂಬುದು ಪ್ರತಿ ವರ್ಷದ ಪ್ರಸಂಗ. ಯಾವ ಹೆಂಗಸು ಎಂದು ಮಾತ್ರ ಸಭೆಯ ದೊಡ್ಡವರೇ ಆರಿಸುತ್ತಾರೆ. ಸೇನಾಪತಿಯ ತಲೆಗೆ ಗುಡಾರದ ಗೂಟ ಜಡಿದವಳೂ ಬೈಬಲಿನವಳೇ, ಅವಳ ಪಾರ್ಟು ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ. ನಮ್ಮಲ್ಲಿ ಯಾವಾಗಲೂ ರೂತ್. ಸಭೆಯ ಒಬ್ಬ ಅತ್ತೆ, ಒಬ್ಬ ಸೊಸೆ ಮುಂದೆ ಬಂದು ನಿಲ್ಲಬೇಕು. ಅತ್ತೆ ನೊವೊಮಿ, ಸೊಸೆ ರೂತ್, ಇಬ್ಬರೂ ಗಂಡ ಸತ್ತವರು. 'ನಿನ್ನ ತವರಿಗೆ ಹೋಗಮ್ಮ' ಎಂದು ಅತ್ತೆ ಹೇಳಬೇಕು. ಸಾಯುವ ತನಕ ನಿನ್ನನ್ನು ಬಿಡುವುದಿಲ್ಲ ಎಂದು ಸೊಸೆ ಅತ್ತೆಯ ಸೆರಗು ಹಿಡಿದು ಮಾತು ಕೊಡಬೇಕು. ಎಲ್ಲರೂ ಅಳಬೇಕು. ಆಮೇಲೆ ಬಿರಿಯಾನಿ. ಬೀದಿ ನಲ್ಲಿಯಲ್ಲಿ ಬಿಂದಿಗೆಗಾಗಿ ಜುಟ್ಟು ಹಿಡಿದುಕೊಳ್ಳುವ ಅತ್ತೆ ಸೊಸೆಯರು ಅಲ್ಲಿ ಸೆರಗು ಹಿಡಿದು ಗೊಳೋ ಎನ್ನುವುದನ್ನು ನೋಡಿ ನಾನು ಎಷ್ಟೋ ವರ್ಷ ಬಾಯಿಗೆ ಕರ್ಚೀಫು ಇಟ್ಟುಕೊಂಡು ನಕ್ಕಿದ್ದೇನೆ.

ಕಳೆದ ವರ್ಷ ಆ ಗ್ರಹಚಾರ ನನ್ನ ತಲೆಗೇ ಬಂತು. ನಾವು ಅಸಲಿ ಮಾಲು ನೋಡಿ. ನನ್ನ ಗಂಡ ಗಣಿ ಮುಚ್ಚಿದ ಮೇಲೆ ಹೋದ, ಮಗ ಕಾಮಾಲೆಯಲ್ಲಿ ಹೋದ. ಗಣಿ ಕೆಲಸದವರ ಹಳೇ ಲೈನ್ ಮನೆಯಲ್ಲಿ ಉಳಿದವರು ನಾನು ಮತ್ತು ಸೊಸೆ. ಅವಳು ದಿನಾ ರೈಲು ಹತ್ತಿ ಬಂಗಾರಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಸ್ಟೇಷನ್ ಎದುರು ಪಾನಿಪೂರಿ ಅಂಗಡಿ ಇಟ್ಟುಕೊಂಡವನೊಬ್ಬ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದ. ಹೆಂಡತಿ ತೀರಿಕೊಂಡವನು, ಬೇರೆ ಸಭೆಯವನು. ಕೈಯಲ್ಲಿ ಪೂರಿಯ ಪೊಟ್ಟಣ, ಬಾಟಲಿಯಲ್ಲಿ ಬಂಗಾರಪೇಟೆಯ ಬಿಳಿ ಪಾನಿ.

"ಅಮ್ಮಾ, ನಿಮ್ ಸೊಸೇನ ಮದ್ವೆ ಆಗ್ಬೇಕು ಅಂತ ಆಸೆ. ನೀವು ಬ್ಯಾಡ ಅಂದ್ರೆ ಈಗ್ಲೇ ಎದ್ದು ಓಗ್ತೀನಿ" ಅಂದ.

ಅಷ್ಟು ನೇರವಾಗಿ ಕೇಳಿದವನನ್ನು ಬೈಯುವುದಾದರೂ ಹೇಗೆ? ಅವಳನ್ನೇ ಕೇಳಪ್ಪ ಅಂದೆ. ಸೊಸೆ ಅಡುಗೆಮನೆಯಿಂದ ಆಚೆಗೇ ಬರಲಿಲ್ಲ. "ಅತ್ತೇನ ಬುಟ್ಟು ನಾನೆಲ್ಲೂ ಬರಲ್ಲ" ಎಂದು ಒಳಗಿನಿಂದಲೇ ಹೇಳಿದಳು. ಅವನು ತಲೆ ತಗ್ಗಿಸಿ ಹೋದ. ನನಗೆ ಖುಷಿಯಾಯಿತು. ಸುಳ್ಳು ಹೇಳಿ ಯಾವ ಸ್ವರ್ಗಕ್ಕೆ ಹೋಗಬೇಕು? ಪೂರಿ ಅಷ್ಟನ್ನೂ ನಾನೇ ತಿಂದೆ. ಅವಳು ಒಂದನ್ನೂ ಮುಟ್ಟಲಿಲ್ಲ.

ಸುದ್ದಿ ಅಯ್ಯರಮ್ಮನ ಕಿವಿಗೆ ಬಿತ್ತು. ಅಯ್ಯರಮ್ಮ ಎಂದರೆ ನಮ್ಮ ಪಾದ್ರಿಗಳ ಹೆಂಡತಿ, ಪಾದ್ರಿಗಳಿಗೂ ಪಾದ್ರಿ. "ನೋಡ್ರಮ್ಮ, ನಮ್ ಸಭೆಯ ನಿಜವಾದ ರೂತ್! ಈ ಸಲ ಇವ್ಳೇ ಮಾತು ಕೊಡ್ಲಿ. ಆಮೇಲೆ ಯಾವ ಪಾನಿಪೂರಿಯವ್ನೂ ಕೇಳಕ್ ಬರಲ್ಲ" ಎಂದು ತೀರ್ಪು ಕೊಟ್ಟರು. ನಮ್ಮಲ್ಲಿ ಪೀಠದ ಮುಂದೆ ಆಡಿದ ಮಾತು ಆಟಕ್ಕಲ್ಲ. ಎಲೆ ಅಡಿಕೆ ಬಿಡುತ್ತೇನೆ ಎಂದು ಅಲ್ಲಿ ಒಮ್ಮೆ ಹೇಳಿದ್ದ ನಮ್ಮ ನೆರೆಯಾಕೆಯ ಬಾಯನ್ನು ಸಭೆಯವರು ಈಗಲೂ ಬಗ್ಗಿ ನೋಡುತ್ತಾರೆ. ಸೊಸೆ ಮಾತು ಕೊಟ್ಟಳೆಂದರೆ ಅಲ್ಲಿಗೆ ಮುಗಿಯಿತು, ಜೀವನಪೂರ್ತಿ ನನಗೆ ಕಾವಲು.

ನನ್ನ ಪಾರ್ಟು ಬಾಯಿಪಾಠ ಮಾಡಲು ಬೈಬಲು ತೆಗೆದೆ. ನೋಡಿದರೆ ರೂತಳ ಕಥೆಗೆ ನಾಲ್ಕು ಅಧ್ಯಾಯ! ನಮ್ಮ ಸಭೆಯಲ್ಲಿ ಅದು ಇಷ್ಟು ವರ್ಷವೂ ಮೊದಲನೆಯದಕ್ಕೇ ಮುಗಿದು ಬಿರಿಯಾನಿಗೆ ಏಳುತ್ತಿತ್ತು. ಮುಂದೆ ಓದಿದೆ. ಅಯ್ಯಯ್ಯೋ ಏಸಪ್ಪಾ! ನೊವೊಮಿ ಸೊಸೆಯನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಸ್ನಾನ ಮಾಡಿಸಿ, ಸುಗಂಧ ಹಚ್ಚಿಸಿ, ಒಳ್ಳೇ ಬಟ್ಟೆ ಉಡಿಸಿ, ಜವೆಗೋಧಿಯ ಕಣದಲ್ಲಿ ಉಂಡು ಮಲಗಿದ್ದ ಹೊಲದ ಯಜಮಾನನ ಕಾಲ ಬಳಿ ಹೋಗಿ ಮಲಗು ಎಂದು ಅವಳೇ ಕಳಿಸಿದಳು, ಅವನು ಸೊಸೆಯನ್ನು ಮದುವೆಯಾದ. ಮದುವೆ ದಲ್ಲಾಳಿಗೂ ಇಷ್ಟು ಧೈರ್ಯ ಇರುವುದಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಭಯವಾಯಿತು. ಸೊಸೆ ನಿಷ್ಠೆಯಿಂದ ಇದ್ದಳು ಎಂದು ಊರೆಲ್ಲ ಹೊಗಳುತ್ತದೆ. ಅತ್ತೆಯ ನಿಷ್ಠೆಯನ್ನು ಕೇಳುವವರಿಲ್ಲ, ಕೇಳಿದರೆ ನಾನು ಏನು ತೋರಿಸಲಿ?

ಮುದ್ದೆ ತಿರುವುತ್ತಿದ್ದ ಸೊಸೆಯನ್ನು ಕೇಳಿದೆ. "ಲೇ, ಅವ್ನು ನಿಂಗೆ ಇಷ್ಟಾನಾ?"

"ಪಾರ್ಟು ಕಲ್ತಿದ್ದೀನಿ ಅತ್ತೆ, ಸುಮ್ಕಿರು" ಅಂದಳು. ಕೋಲು ಹಿಡಿದ ಕೈ ಮಾತ್ರ ನಿಂತುಬಿಟ್ಟಿತು. ಮುದ್ದೆ ಗಂಟಾಯಿತು. ಹನ್ನೊಂದು ವರ್ಷದಲ್ಲಿ ಅವಳ ಮುದ್ದೆ ಗಂಟಾದದ್ದನ್ನು ನಾನು ಕಂಡಿರಲಿಲ್ಲ.

ಭಾನುವಾರ ಬಂತು. ಚರ್ಚು ತುಂಬಿತ್ತು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ಬಿಳಿ ಸೀರೆಯಲ್ಲಿ ನನ್ನ ಸೆರಗು ಹಿಡಿದು "ಸಾಯೋ ತನಕ..." ಎಂದಳು. ಅಯ್ಯರಮ್ಮ ಮುಂದಿನ ಬೆಂಚಿನಿಂದ ಮಾತು ಎತ್ತಿಕೊಟ್ಟರು. ಸಭೆಯವರೆಲ್ಲ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ಮಾತು ಮುಗಿಸಿಯೇ ತೀರುತ್ತಾಳೆ ಎಂದು ಗೊತ್ತಾಯಿತು, ಅಷ್ಟು ಒಳ್ಳೆಯವಳು ಮುಂಡೇದು. ನಾನು ಅವಳ ಬಾಯಿ ಮುಚ್ಚಿದೆ, ಅಂಗೈಯಿಂದಲೇ.

"ಸಾಕು ಬುಡು. ಓಗಿ ನೀರು ಉಯ್ಕೋ, ಆ ಅಸಿರು ರೇಸ್ಮೆ ಸೀರೆ ಉಟ್ಕೋ, ಬಂಗಾರಪೇಟೆಗೆ ಓಗು. ಅವ್ನು ಕಾಯ್ತಾ ಇದ್ರೆ ಊಂ ಅನ್ನು."

ಅಯ್ಯರಮ್ಮ ಎದ್ದು ನಿಂತರು. "ಏನಮ್ಮಾ ಇದು, ದೇವ್ರ ಪೀಠದ ಮುಂದೆ!"

"ಮೂರನೇ ಅಧ್ಯಾಯ ಅಮ್ಮ. ನಾನೇನು ಮನೆಯಿಂದ ತಂದಿಲ್ಲ, ತೆಗೆದು ನೋಡಿ" ಅಂದೆ. ಚರ್ಚಿನ ತುಂಬ ಹಾಳೆ ತಿರುವುವ ಸದ್ದು. ಹಿಂದಿನ ಸಾಲಿನ ಮುದುಕಿಯೊಬ್ಬಳು ಓದಿ, ಜೋರಾಗಿ ನಕ್ಕಳು. ಬಿರಿಯಾನಿಗೆ ಕರೆಯಲು ಬಂದ ಗಂಡಸರು ಏನಾಯಿತೆಂದು ತಿಳಿಯದೆ ಸೌಟು ಹಿಡಿದುಕೊಂಡೇ ನಿಂತರು.

ಮಧ್ಯಾಹ್ನದ ರೈಲಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಮಲ್ಲಿಗೆ ಕೊಂಡು ಮುಡಿಸಿದೆ. ಬೇಡ ಬೇಡ ಎಂದು ತಲೆ ಸರಿಸಿದಳು, ಕತ್ತಿಗೆ ಒಂದು ಕೊಟ್ಟು ಮುಡಿಸಿದೆ. ರೈಲು ಬಂದಾಗ ಮೆಟ್ಟಿಲ ಮೇಲೆ ನಿಂತು ಅತ್ತಳು.

"ನೀನೊಬ್ಳೇ ಏನ್ ಮಾಡ್ತೀಯ ಅತ್ತೆ?"

"ಮನೆಗೋಗಿ ಬಾಗ್ಲಾಕ್ಕೊಂಡು ಒಟ್ಟೆ ತುಂಬಾ ಅಳ್ತೀನಿ. ಆಮೇಲೆ ಅನ್ನ ಮಾಡ್ಕೊಂಡು ಉಣ್ತೀನಿ. ನೀನು ಅತ್ತು ಅತ್ತು ಮುಖ ಕೆಡಿಸ್ಕೋಬ್ಯಾಡ, ಓಗು."

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅನ್ನ ಮಾತ್ರ ಅವತ್ತು ಮಾಡಲಾಗಲಿಲ್ಲ.